ವಾರ್ಧಕ್ಯದಲ್ಲಿ ಶ್ರವಣಮಾಂದ್ಯ: ಒಂದು ಚಾರಿತ್ರಿಕ ಅವಲೋಕನ

ಪೋರ್ಚುಗಲ್ಲಿನ ದೊರೆ ಆರನೆಯ ಜಾನನಿಗೆ ಕಿವಿ ಮಂದವಾಗಿತ್ತು. ಅವನಿಗಾಗಿ 1819ರಲ್ಲಿ ಲಂಡನ್ನಿನ ಎಫ್. ಸಿ. ರೈನ್ ಎಂಬ ಕುಶಲಕರ್ಮಿಯು ವಿಶಿಷ್ಟವಾದ ಪೀಠವೊಂದನ್ನು ನಿರ್ಮಿಸಿದನು. ಅದರ ಎರಡು ಕೈಗಳ ತುದಿಯಲ್ಲಿ ಬಾಯ್ದೆರೆದ ಸಿಂಹಮುಖಗಳಿದ್ದವು. ಅವುಗಳಲ್ಲಿ ನುಡಿದ ಮಾತು ಟೊಳ್ಳಾದ ಕೈಗಳ ಮೂಲಕ ಹಾದು, ಕೊಳವೆಯೊಂದರಿಂದ ದೊರೆಯ ಕಿವಿಯನ್ನು ಸೇರುತ್ತಿತ್ತು. ಬಿನ್ನಹಕ್ಕೆ ಬಂದವರು ಮಂಡಿಯೂರಿ ಮಾತನಾಡಬೇಕಾಗಿತ್ತು. ದೊರೆಯಾದುದರಿಂದ ಜನ ಬಾಗಿದರು. ಅಧಿಕಾರವಿಲ್ಲದ ವೃದ್ಧರಿಗಾಗಿ ಬಾಗುವವರು ಯಾರು? ಶ್ರವಣಸಾಧನಗಳ ಚರಿತ್ರೆಯನ್ನು ನೋಡುವಾಗ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಅಂದು ಸಾಮಾನ್ಯ ಅನುಕೂಲಸ್ಥರಿಗೆ ಕಿವಿಗೆ ಹಿಡಿಯುವ ತುತ್ತೂರಿಯೇ ಆಸರೆ. 19ನೆಯ ಶತಮಾನದ ಅಂತ್ಯದಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ವಿದ್ಯುತ್ತಿನಿಂದ ನಡೆಯುವ ಸಾಧನವನ್ನು ರೂಪಿಸಿದನು. ಅದೂ ಬಡವರ ಕೈಗೆ ಎಟುಕುವಂತಿರಲಿಲ್ಲ. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ‘ಮೆಡ್ರೆಸ್ಕೋ’ ಎಂಬ ಸಾಧನವನ್ನು ಉಚಿತವಾಗಿ ನೀಡತೊಡಗಿದುದು ಮಹತ್ವದ ಘಟನೆ. ಮೈಮೇಲೆ ಪೆಟ್ಟಿಗೆಯನ್ನು ಧರಿಸಿ, ತಂತಿಯನ್ನು ಕಿವಿಗೆ ಜೋಡಿಸಿಕೊಳ್ಳಬೇಕಾಗಿದ್ದರೂ, ಕೇಳುವುದು ಪ್ರಜೆಯ ಹಕ್ಕೆಂಬುದನ್ನು ಅದು ಒಪ್ಪಿತು. 1952ರ ಅಂತ್ಯದಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ಸಾಧನಗಳು ಕಿರಿದಾಗುತ್ತ ಹೋದವು. ನಮ್ಮ ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪನೆಯಾಯಿತು.

ಆದರೂ ಬಹುಕಾಲ ವೈದ್ಯರು ಅಳೆದದ್ದು ಕಿವಿಯನ್ನು ಮಾತ್ರ, ಬದುಕನ್ನು ಅಳೆಯಲಿಲ್ಲ. 1982ರಲ್ಲಿ ಅಮೆರಿಕದ ಐರಾ ವೆಂಟ್ರಿ ಮತ್ತು ಬಾರ್ಬರಾ ವೈನ್‌ಸ್ಟೈನ್ ಎಂಬ ವಿದ್ವಾಂಸರು ವೃದ್ಧರಿಗೆಂದೇ 25 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಹೊಸಬರನ್ನು ಕಾಣಲು ಸಂಕೋಚವಾಗುವುದೇ, ಬಂಧುಮಿತ್ರರ ಮನೆಗೆ ಹೋಗುವುದು ಕಡಿಮೆಯಾಗಿದೆಯೇ, ನಾಲ್ವರ ನಡುವೆ ಇದ್ದೂ ಹೊರಗಿನವರೆನಿಸುವುದೇ ಎಂಬಂಥ ವಿಚಾರಗಳು ಅದರಲ್ಲಿದ್ದವು. ಮಂದಶ್ರವಣದ ನಿಜವಾದ ನೋವು ಒಂಟಿತನವೆಂಬುದು ಹೀಗೆ ಶಾಸ್ತ್ರದ ಗಮನಕ್ಕೆ ಬಂದಿತು.

ವಯಸ್ಸಿನೊಡನೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಕಳೆದುಹೋಗುವುದು ಎತ್ತರದ ಸ್ಥಾಯಿಯ ಧ್ವನಿಗಳು. ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಧ್ವನಿ ಕೇಳಿಸಿದರೂ ಪದ ತಿಳಿಯುವುದಿಲ್ಲ. ಆದುದರಿಂದ ಕೂಗಿ ಹೇಳುವುದರಿಂದ ಪ್ರಯೋಜನ ಅಲ್ಪ. ಕೂಗು ಗದರಿಕೆಯಂತೆ ತೋರಿ ಮನಸ್ಸು ಮುದುಡುತ್ತದೆ. ವೃದ್ಧಾಶ್ರಮಗಳಲ್ಲಿ ಇಂಥವರನ್ನು ಮರೆಗುಳಿಗಳೆಂದೋ ಹಟಮಾರಿಗಳೆಂದೋ ತಪ್ಪಾಗಿ ಎಣಿಸುವ ಅಪಾಯವಿದೆ. 60 ವರ್ಷ ಮೀರಿದವರಲ್ಲಿ ಶೇಕಡ 65ಕ್ಕೂ ಹೆಚ್ಚು ಮಂದಿಗೆ ಒಂದಿಲ್ಲೊಂದು ಪ್ರಮಾಣದ ಶ್ರವಣದೋಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ತಿಳಿಸುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 70ರಿಂದ 84 ವಯಸ್ಸಿನ 977 ಜನರಿದ್ದರು. ಶ್ರವಣ ಚಿಕಿತ್ಸೆಯಿಂದ ಬುದ್ಧಿಶಕ್ತಿಯ ಕುಂದುವಿಕೆ ಒಟ್ಟು ಸಮೂಹದಲ್ಲಿ ತಗ್ಗಲಿಲ್ಲ. ಹೆಚ್ಚು ಅಪಾಯವಿದ್ದವರಲ್ಲಿ ಮಾತ್ರ 3 ವರ್ಷಗಳಲ್ಲಿ ಶೇಕಡ 48ರಷ್ಟು ನಿಧಾನವಾಯಿತು.

ಶ್ರಾವಕನೆಂದರೆ ಕೇಳುವವನು. ಪ್ರವಚನಮಂದಿರದ ಹಿಂದಿನ ಸಾಲಿನಲ್ಲಿ ಏನೂ ಕೇಳಿಸದೆ ಕೈಮುಗಿದು ಕುಳಿತ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅವರನ್ನು ಮುಂದಿನ ಸಾಲಿಗೆ ಕರೆತರಲು ಹಣ ಬೇಕಿಲ್ಲ. ವೃದ್ಧಾಶ್ರಮಗಳನ್ನು ನಡೆಸುವ ಟ್ರಸ್ಟುಗಳು ಹಿರಿಯರ ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ವೈದ್ಯರಿಂದ ಪರೀಕ್ಷಿಸಿ ತೆಗೆಸಬೇಕು. ಸಾಧನದ ಬ್ಯಾಟರಿಯನ್ನು ನೋಡಿಕೊಳ್ಳುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಊಟದ ಮನೆಯ ಗದ್ದಲವನ್ನು ತಗ್ಗಿಸಬೇಕು. ಮನೆಯವರಾದರೋ ಟಿ.ವಿ.ಯನ್ನು ಆರಿಸಿ, ಮುಖ ಕಾಣುವಂತೆ ಬೆಳಕಿನಲ್ಲಿ ಎದುರು ಕುಳಿತು, ನಿಧಾನವಾಗಿ ನುಡಿಯಬೇಕು. ದೊರೆಯ ಪೀಠದ ಮುಂದೆ ಭಯದಿಂದ ಮಂಡಿಯೂರಿದ ಜನರಿದ್ದರು. ನಮ್ಮ ತಂದೆತಾಯಿಗಳ ಮಂಚದ ಪಕ್ಕದಲ್ಲಿ ಪ್ರೀತಿಯಿಂದ ಬಾಗುವುದು ನಮಗೆ ಕಷ್ಟವಾಗಬಾರದು.