ಕೊಡಗಿನ ಕಡಂಗಗಳು

ದುರ್ಗವೆಂದೊಡನೆ ಕನ್ನಡಿಗರ ಮನಸ್ಸಿನ ಮುಂದೆ ನಿಲ್ಲುವುದು ಕಲ್ಲಿನ ಕೋಟೆ. ಚಿತ್ರದುರ್ಗದ ಸುತ್ತುಗಳು, ಶ್ರೀರಂಗಪಟ್ಟಣದ ಅಗಳು, ವಿಜಾಪುರದ ಬುರುಜುಗಳು ಎಲ್ಲರೂ ಕಂಡು ಕೇಳಿದುವು. ಆದರೆ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಔದಕ, ಪಾರ್ವತ, ಧಾನ್ವನ, ವನದುರ್ಗವೆಂದು ನಾಲ್ಕು ಬಗೆಯ ದುರ್ಗಗಳನ್ನು ಹೇಳಿರುವನು. ಇವುಗಳಲ್ಲಿ ಮರುಭೂಮಿಯ ದುರ್ಗವೊಂದನ್ನು ಬಿಟ್ಟರೆ ಮಿಕ್ಕ ಮೂರನ್ನೂ ಪ್ರಕೃತಿಯು ಕೊಡಗಿಗೆ ಕೊಟ್ಟಿದೆ. ಪಡುವಲಲ್ಲಿ ಸಹ್ಯಾದ್ರಿಯ ಗೋಡೆ, ಮೂಡಲಲ್ಲಿ ಕಾವೇರಿ, ನಡುವೆ ದಟ್ಟವಾದ ಕಾಡು. ಇಷ್ಟಿದ್ದರೂ ಕೊಡಗಿನವರು ಅದನ್ನೇ ನಂಬಿ ಸುಮ್ಮನೆ ಕುಳಿತಿರಲಿಲ್ಲ. ಅವರು ನೆಲವನ್ನು ಅಗೆದು ತಮ್ಮದೇ ಆದ ಕೋಟೆಯನ್ನು ಮಾಡಿಕೊಂಡರು. ಅದಕ್ಕೆ ಕಡಂಗವೆಂದು ಹೆಸರು.

ವಿರಾಜಪೇಟೆಯ ತಾಲ್ಲೂಕಿನಲ್ಲಿ ಅಮ್ಮತ್ತಿಯಿಂದ ಸಿದ್ದಾಪುರದತ್ತ ಹೋಗುವ ದಾರಿಯು ಕಾಫಿಯ ತೋಟಗಳ ನಡುವೆ ಇಳಿದು ಕಾವೇರಿಯ ಕಡೆಗೆ ಸಾಗುವುದು. ಬೀಟೆ, ಹಾಲುವಾಣಗಳ ನೆರಳು. ಮರಮರಕ್ಕೂ ಹಬ್ಬಿದ ಮೆಣಸಿನ ಬಳ್ಳಿ. ಈ ದಕ್ಷಿಣ ಕೊಡಗಿನಲ್ಲಿ ದಾರಿಯನ್ನು ಬಿಟ್ಟು ತೋಟ ಕಾಡುಗಳೊಳಗೆ ಕಾಲ್ನಡಿಗೆಯಿಂದ ಹೋಗುವವರಿಗೆ ಅಲ್ಲಲ್ಲಿ ಉದ್ದವಾದ ಹಳ್ಳವೊಂದೂ ಅದರ ಮಗ್ಗುಲಲ್ಲಿ ಮಣ್ಣಿನ ಏರಿಯೊಂದೂ ಎದುರಾಗುವುವು. ಏರಿಯ ಮೇಲೆ ದೊಡ್ಡ ಮರಗಳು ಬೆಳೆದಿರುವುವು. ಹಳ್ಳದ ತಳದಲ್ಲಿ ತರಗೆಲೆ ತುಂಬಿರುವುದು. ಹೊಸಬರು ಇದನ್ನು ಮಳೆಯ ನೀರು ಕೊರೆದ ಕೊರಕಲೆಂದು ಭಾವಿಸುವರು. ಆದರೆ ಅದನ್ನೇ ಹಿಡಿದು ನೂರು ಮಾರು ನಡೆದರೆ ಸಂದೇಹ ಬಗೆಹರಿಯುವುದು. ನೀರಿನ ಹಾದಿ ಇಳಿಯಬೇಕು. ಈ ಹಳ್ಳವೋ ಇಳಿದಂತೆಯೇ ಏರುವುದು, ಗುಡ್ಡದ ನೆತ್ತಿಯನ್ನು ಹತ್ತಿ ಆಚೆಯ ಇಳಿಜಾರಿಗೆ ದಾಟುವುದು, ಕೆಲವೆಡೆ ಕವಲೊಡೆದು ಬೆಟ್ಟದ ತಲೆಯನ್ನೇ ಸುತ್ತುವುದು. ನೀರು ಬೆಟ್ಟವನ್ನು ಹತ್ತಲಾರದು. ಹತ್ತಿಸಿದುದು ಮನುಷ್ಯನ ಗುದ್ದಲಿ.

ಇಂಗ್ಲಿಷರ ಕಾಲದ ಗ್ರಂಥಗಳಲ್ಲಿ ಕಡಂಗಗಳ ಅಳತೆ ದೊರೆಯುವುದು. ಏರಿಯ ಎತ್ತರ ೧೫ ರಿಂದ ೨೫ ಅಡಿ. ಮುಂದಿನ ಕಂದಕದ ಆಳ ೧೦ ಅಡಿ, ಅಗಲ ೮ ರಿಂದ ೧೦ ಅಡಿ. ಎಲ್ಲ ಕಡಂಗಗಳನ್ನೂ ಕೂಡಿಸಿದರೆ ಉದ್ದ ೫೦೦ ರಿಂದ ೬೦೦ ಮೈಲಿ. ಈ ಲೆಕ್ಕದಲ್ಲಿ ಅಡಗಿರುವ ಶ್ರಮವನ್ನು ಊಹಿಸುವುದು ಕಷ್ಟವಲ್ಲ. ಹತ್ತಡಿ ಆಳ, ಎಂಟಡಿ ಅಗಲದ ಕಂದಕದಲ್ಲಿ ಮೈಲಿಯೊಂದಕ್ಕೆ ೪,೨೨,೪೦೦ ಘನ ಅಡಿ ಮಣ್ಣು. ಒಬ್ಬ ಆಳು ದಿನಕ್ಕೆ ಐವತ್ತು ಘನ ಅಡಿ ಅಗೆದು ಹಾಕಬಲ್ಲನೆಂದಿಟ್ಟುಕೊಂಡರೂ ಮೈಲಿಗೆ ಎಂಟು ಸಾವಿರಕ್ಕೆ ಮೇಲ್ಪಟ್ಟು ಆಳುದಿನಗಳು ಬೇಕು. ಐನೂರು ಮೈಲಿಗೆ ನಲವತ್ತು ಲಕ್ಷವನ್ನು ಮೀರುವುದು. ೧೯೦೧ ರ ಜನಗಣತಿಯಲ್ಲಿಯೂ ಕೊಡಗಿನ ಜನಸಂಖ್ಯೆ ೧,೮೦,೬೦೭ ಮಾತ್ರ. ಹಿಂದಿನ ಕಾಲದಲ್ಲಿ, ವರ್ಷದ ಅರ್ಧಕಾಲ ಮಳೆ ಹೊಡೆಯುವ ನಾಡಿನಲ್ಲಿ, ಗದ್ದೆಯ ಕೆಲಸವನ್ನೂ ಬಿಡದೆ ಈ ಮಣ್ಣನ್ನು ಎತ್ತಿದ ಕೈಗಳ ಸಹನೆ ಸಾಮಾನ್ಯವಾದುದಲ್ಲ. ಕಲ್ಲಿನ ಕೋಟೆಯನ್ನು ಕಟ್ಟಿಸಿದ ದೊರೆಯ ಹೆಸರು ಬಾಗಿಲ ಮೇಲೆ ಉಳಿಯುವುದು. ಕಡಂಗವನ್ನು ಅಗೆದವರ ಹೆಸರಿಗೆ ಬಾಗಿಲೂ ಇಲ್ಲ, ಕಲ್ಲೂ ಇಲ್ಲ.

ಇವನ್ನು ಯಾರು, ಎಂದು ಮಾಡಿದರು? ಹಾಲೇರಿಯ ಅರಸರು ಮಾಡಿಸಿದರೆಂದು ಹೇಳುವವರುಂಟು. ಆ ವಂಶದವರು ಕೊಡಗನ್ನಾಳಿದುದು ಸುಮಾರು ೧೬೦೦ ರಿಂದ ೧೮೩೪ ರ ವರೆಗೆ. ಆದರೆ ಶಾಸನದ ಸಾಕ್ಷ್ಯವು ಕಡಂಗವೆಂಬ ಮಾತನ್ನು ಇದಕ್ಕಿಂತ ಏಳು ಶತಮಾನ ಹಿಂದಕ್ಕೆ ಒಯ್ಯುವುದು. ಬಿಳಿಯೂರಿನ ಗಂಗ ಶಾಸನದ ಕಾಲ ಶಕ ವರ್ಷ ೮೦೯, ಎಂದರೆ ಕ್ರಿ. ಶ. ೮೮೮. ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮಾನಡಿಯು ಪೆದ್ದೊರೆಗರೆಯ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿದೇವನಿಗೆ ದಾನಮಾಡಿದನೆಂದು ಅದರಿಂದ ತಿಳಿಯುವುದು. ಪೆದ್ದೊರೆಯೆಂದರೆ ಹಿರಿಯ ತೊರೆ. ಪೆದ್ದೊರೆಗರೆಯೆಂದರೆ ಆ ಹೊಳೆಯ ದಡದ ನಾಡು. ಊರಿಗೇ ಕಡಂಗವೆಂಬ ಹೆಸರು ಅಂಟಿಕೊಳ್ಳಬೇಕಾದರೆ ಕಡಂಗವು ಆ ವೇಳೆಗಾಗಲೇ ಜನರಿಗೆ ಚಿರಪರಿಚಿತವಾಗಿರಬೇಕು. ಈಗಲೂ ವಿರಾಜಪೇಟೆಯಿಂದ ನಾಪೋಕ್ಲಿನ ಕಡೆಗೆ ಹೋಗುವ ದಾರಿಯಲ್ಲಿ ಕಡಂಗವೆಂಬ ಊರಿದೆ. ಹೆಸರು ಹಳೆಯದಾದ ಮಾತ್ರಕ್ಕೆ ಪ್ರತಿಯೊಂದು ಹಳ್ಳವೂ ಗಂಗರ ಕಾಲದ್ದೆಂದು ಸಾಧಿಸಿದಂತಾಗದು. ಒಂದು ತಲೆಮಾರು ಅಗೆದುದನ್ನು ಮತ್ತೊಂದು ತಲೆಮಾರು ಆಳಮಾಡಿ, ಮುಂದುವರಿಸಿ, ಬೇಕಾದಲ್ಲಿ ತಿರುಗಿಸಿಕೊಂಡಿತೆಂದು ತಿಳಿಯುವುದೇ ಯುಕ್ತವಾಗಿ ತೋರುವುದು.

ಕಡಂಗಗಳೆಲ್ಲವೂ ಹೊರಗಿನ ಶತ್ರುವಿಗಾಗಿ ಹುಟ್ಟಿದುವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಹಳೆಯ ಕೊಡಗು ಹನ್ನೆರಡು ಕೊಂಬುಗಳಾಗಿಯೂ ಮೂವತ್ತೈದು ನಾಡುಗಳಾಗಿಯೂ ಹಂಚಿಹೋಗಿತ್ತೆಂದು ಸಂಪ್ರದಾಯ. ರಾಜ್ಯದ ಗಡಿಯಿಂದ ಬಹುದೂರದ ಒಳನಾಡಿನಲ್ಲಿಯೂ ಕಡಂಗಗಳು ಓಡಾಡುವುದಕ್ಕೆ ಇದೇ ಕಾರಣ. ಅವು ನಾಡಿಗೂ ನಾಡಿಗೂ ನಡುವಣ ಎಲ್ಲೆಗಳು. ನೆರೆಯವನಿಗೆ ನೆರೆಯವನು ಅಂಜಿ ಅಗೆದ ಗೆರೆಗಳು. ಒಬ್ಬ ಅರಸನ ಕೈಯಲ್ಲಿ ನಾಡುಗಳೆಲ್ಲ ಒಂದಾದ ಮೇಲೆ ಒಳಗಣ ಗೆರೆಗಳ ಕೆಲಸ ಮುಗಿದು ಹೊರಗಣವಕ್ಕೆ ಬೆಲೆ ಬಂದಿತು.

ಹೊರಗಣ ರಕ್ಷಣೆಯ ಕ್ರಮವನ್ನು ತಿಳಿಯಬೇಕಾದರೆ ಹೊಳೆಗಳನ್ನೂ ಕಣಿವೆಗಳನ್ನೂ ನೋಡಬೇಕು. ಭಾಗಮಂಡಲದಿಂದ ಮೂಡಲಿಗೆ ಹರಿದುಬರುವ ಕಾವೇರಿಯು ಸಿದ್ದಾಪುರದ ಬಳಿಕ ಬಡಗಲಿಗೆ ತಿರುಗಿ, ದುಬಾರೆಯ ಕಾಡನ್ನು ಹಾದು, ಕುಶಾಲನಗರದಿಂದ ಮುಂದೆ ಗಡಿಯೇ ಆಗುವಳು. ಅಲ್ಲಿ ಬಂಡೆಗಳ ನಡುವೆ ಹೊಳೆ ಇಕ್ಕಟ್ಟಾಗಿ ಹರಿಯುವ ಊರಿಗೆ ಕಣಿವೆಯೆಂದೇ ಹೆಸರು. ಪಡುವಲಲ್ಲಿ ಬರಪೊಳೆಯು ಆಳವಾದ ಕಮರಿಗಳನ್ನು ಕೊರೆಯುತ್ತ ಮಲೆಯಾಳದತ್ತ ಧುಮುಕುವುದು. ಆ ಕಡೆಯಿಂದ ವಿರಾಜಪೇಟೆಗೆ ಹತ್ತಿಬರುವ ದಾರಿಯೇ ಹೆಗ್ಗಳದ ಘಾಟಿ. ಇಂತಹ ಕಂಡಿಗಳಲ್ಲಿ ಉಕ್ಕಡಗಳಿದ್ದುವು. ಉಕ್ಕಡವೆಂದರೆ ಕಾವಲಿನ ಠಾಣ್ಯ. ಹೊಳೆಯೂ ಕಮರಿಯೂ ಇದ್ದಲ್ಲಿ ಅಗೆಯುವ ಕೆಲಸವಿಲ್ಲ. ಅವು ಇಲ್ಲದೆಡೆ ಕಡಂಗ. ಎರಡೂ ಬಿಟ್ಟುಕೊಟ್ಟ ಕಿರುದಾರಿಯಲ್ಲಿ ಉಕ್ಕಡ. ಶತ್ರುವು ಎಲ್ಲಿ ಬರಬೇಕೆಂಬುದನ್ನು ನೆಲವೇ ನಿರ್ಣಯಿಸುತ್ತಿತ್ತು.

ಈ ಕ್ರಮದ ಬೆಲೆಯನ್ನು ಟೀಪುವಿನ ಕಾಲದ ಘಟನೆಗಳಲ್ಲಿ ನೋಡಬಹುದು. ಕೊಡಗನ್ನು ಹಿಡಿದ ಟೀಪುವು ಮಡಿಕೇರಿ, ಕುಶಾಲನಗರ, ಭಾಗಮಂಡಲ, ಬೆಪ್ಪುನಾಡು ಎಂಬ ನಾಲ್ಕು ಸ್ಥಳಗಳ ಕೋಟೆಗಳಲ್ಲಿ ದಂಡಿಟ್ಟಿದ್ದನು. ೧೭೮೮ ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರನು ಮೂರು ನಾಲ್ಕು ವರ್ಷಗಳೊಳಗೆ ಆ ನಾಲ್ಕನ್ನೂ ಕಳಚಿದನು. ಕೋಟೆಯೊಳಗೆ ಕುಳಿತವರಿಗೆ ಹೊರಗಣ ಕಾಡೇ ಮುತ್ತಿಗೆಯಾಯಿತು. ಮುಂದೆ ೧೭೯೯ ರ ಮಾರ್ಚಿಯಲ್ಲಿ ಇಂಗ್ಲಿಷರ ಮುಂಬಯಿಯ ಸೈನ್ಯವು ಪಿರಿಯಾಪಟ್ಟಣದ ಗಡಿಯ ಸಿದ್ಧೇಶ್ವರ ಬೆಟ್ಟದಲ್ಲಿ ಕಾವಲಿಟ್ಟಿತು. ಅಲ್ಲಿಂದ ಮೈಸೂರಿನ ಬಯಲು ಬಹುದೂರದ ವರೆಗೆ ಕಾಣುತ್ತಿತ್ತು. ಮಾರ್ಚಿ ೫ ರಂದು ಡೇರೆಗಳ ಸಾಲೂ ಅದರ ನಡುವೆ ಹಸಿರು ಡೇರೆಯೊಂದೂ ಕಂಡುಬಂದುವು. ಮರುದಿನ ಬೆಳಗ್ಗೆ ಟೀಪುವಿನ ಸೈನ್ಯವು ಕಾಡಿನೊಳಗೆ ನುಸುಳಿ ಹಿಂದೆಯೂ ಮುಂದೆಯೂ ಏಕಕಾಲಕ್ಕೆ ಎರಗಿತು. ಕರ್ನಲ್ ಮಾಂಟ್ರೆಸರನ ಮೂರು ಪಟಾಲಮುಗಳು ಮಧ್ಯಾಹ್ನ ನೆರವು ಬರುವ ತನಕ ನಿಂತು ಕಾದಿದುವು. ಕಾಡು ಕಾಯುವವನಿಗೂ ನೆರವಾಗುವುದು, ನುಸುಳುವವನಿಗೂ ನೆರವಾಗುವುದು ಎಂಬ ಪಾಠವನ್ನು ಆ ದಿನ ಕಲಿಸಿತು.

ಕೊನೆಯ ಪರೀಕ್ಷೆ ನಡೆದುದು ೧೮೩೪ ರಲ್ಲಿ, ಚಿಕ್ಕವೀರರಾಜೇಂದ್ರನ ಮೇಲೆ ಕಂಪೆನಿಯ ಸೈನ್ಯವು ನಾಲ್ಕು ದಿಕ್ಕಿನಿಂದ ಏರಿಬಂದಾಗ. ಬಡಗಲಲ್ಲಿ ಕರ್ನಲ್ ವಾ ಎಂಬವನ ದಳವು ಏಪ್ರಿಲ್ ೩ ರಂದು ಬಕ್ಕ ಎಂಬಲ್ಲಿಯ ಮರದ ತಡೆಯ ಮುಂದೆ ಮುರಿದುಬಿದ್ದಿತು. ಕರ್ನಲ್ ಮಿಲ್ಲನು ಅಲ್ಲಿಯೇ ಮಡಿದನು. ಕುಂಬಳೆಯ ಕಡೆಯಿಂದ ಬಂದ ಕರ್ನಲ್ ಜಾಕ್ಸನ್ನನ ದಳವೂ ಹಿಮ್ಮೆಟ್ಟಿತು. ಕರ್ನಲ್ ಫೌಲಿಸನ ದಳವು ಹೆಗ್ಗಳದ ಘಾಟಿಯಲ್ಲಿ ತಡೆಗಳನ್ನು ಕಾದಾಡಿಯೇ ದಾಟಬೇಕಾಯಿತು. ಆದರೆ ಪೂರ್ವದಲ್ಲಿ ಕಾವೇರಿಯನ್ನು ದಾಟಿದ ದಳದ ಕತೆ ಬೇರೆ. ಅರಸನ ಮನಸ್ಸು ಯುದ್ಧಕ್ಕೂ ಸಂಧಿಗೂ ನಡುವೆ ತೂಗಾಡುತ್ತಿತ್ತು. ದಿವಾನ ಅಪ್ಪಾರಂಡ ಬೋಪುವು ಇಂಗ್ಲಿಷರನ್ನು ಕಂಡು ಅವರೊಡನೆ ಮಡಿಕೇರಿಗೆ ಬಂದನು. ಏಪ್ರಿಲ್ ೬ ರಂದು ಕೋಟೆಯ ಮೇಲೆ ಕಂಪೆನಿಯ ಬಾವುಟವೇರಿತು. ಮೇ ೭ ರಂದು ಕೊಡಗು ಕಂಪೆನಿಯ ರಾಜ್ಯಕ್ಕೆ ಸೇರಿತು. ನೆಲ ಸೋಲದಿದ್ದರೂ ರಾಜ್ಯ ಸೋತಿತು. ಪ್ರಜೆಗೂ ಅರಸನಿಗೂ ನಡುವೆ ಕಡಂಗ ಬಿದ್ದ ಮೇಲೆ ಗಡಿಯ ಕಡಂಗದಿಂದ ಏನು ಪ್ರಯೋಜನ?

ಬಳಿಕ ಕಾಫಿಯ ಕಾಲ ಬಂದಿತು. ೧೮೫೪ ರಿಂದೀಚೆಗೆ ಯೂರೋಪಿಯನರು ತೋಟಗಳನ್ನೆಬ್ಬಿಸಿದರು. ಬಿದಿರು ದಟ್ಟವಾಗಿದ್ದ ಸಿದ್ದಾಪುರದ ಸೀಮೆಯೂ ತೋಟವಾಯಿತು. ಕಡಂಗಗಳಲ್ಲಿ ಕೆಲವು ತೋಟದ ಎಲ್ಲೆಗಳಾಗಿ ಉಳಿದುವು. ಕೆಲವು ರಸ್ತೆಗಾಗಿ ಕಡಿಯಲ್ಪಟ್ಟುವು, ಕೆಲವು ಗಿಡ ನೆಡುವುದಕ್ಕಾಗಿ ಮುಚ್ಚಲ್ಪಟ್ಟುವು. ಮಣ್ಣಿನ ಸ್ಮಾರಕವನ್ನು ಅಳಿಸುವುದಕ್ಕೆ ಫಿರಂಗಿ ಬೇಡ. ಯಂತ್ರವೊಂದರ ಒಂದು ದಿನದ ಕೆಲಸ ಸಾಕು. ಇದೇ ಸೀಮೆಯಲ್ಲಿ ಇಂದು ಕಾಡಾನೆಗಳು ತೋಟಕ್ಕೆ ನುಗ್ಗದಿರಲೆಂದು ಅರಣ್ಯದ ಅಂಚಿನಲ್ಲಿ ಹೊಸ ಕಂದಕಗಳನ್ನು ತೋಡುತ್ತಿರುವರು. ಆನೆಗಳು ದಡವನ್ನು ಕೆಡವಿ ದಾರಿ ಮಾಡಿಕೊಳ್ಳುವುವು. ಮಳೆಯು ಹೂಳು ತುಂಬುವುದು. ಕಂದಕವನ್ನು ತೋಡಿದರೆ ಸಾಲದು, ಅದನ್ನು ವರ್ಷವರ್ಷವೂ ಕಾದುಕೊಳ್ಳಬೇಕೆಂಬ ಹಳೆಯ ಪಾಠವನ್ನು ಹೊಸಬರೂ ಕಲಿಯುತ್ತಿರುವರು.

ಇಂಗ್ಲೆಂಡಿಗೂ ವೇಲ್ಸಿಗೂ ನಡುವೆ ಎಂಟನೆಯ ಶತಮಾನದ ಆಫಾ ದೊರೆಯ ಹೆಸರನ್ನು ಹೊತ್ತ ಇಂತಹದೇ ಒಂದು ಮಣ್ಣಿನ ಏರಿ ಮತ್ತು ಕಂದಕವಿದೆ. ಆ ಗಡಿಯನ್ನು ಅನುಸರಿಸಿ ೧೭೭ ಮೈಲಿಯ ಕಾಲುದಾರಿಯೊಂದನ್ನು ೧೯೭೧ ರಲ್ಲಿ ತೆರೆದರು. ನಡೆಯುವವರಿದ್ದುದರಿಂದ ಅದನ್ನು ಬಲ್ಲವರು ಹೆಚ್ಚಿದರು. ಬಲ್ಲವರು ಹೆಚ್ಚಿದಷ್ಟೂ ಕಾಯುವವರು ಹೆಚ್ಚುವರು. ಕೊಡಗಿನ ಕಡಂಗಗಳನ್ನೂ ಹಾಗೆಯೇ ಕಾಲಿನಿಂದ ಓದಬೇಕು. ಮಳೆ ನಿಂತು ಜಿಗಣೆಗಳು ಅಡಗಿದ ಮೇಲೆ, ತೋಟದ ಯಜಮಾನರ ಅನುಮತಿ ಪಡೆದು, ಆನೆಯ ಸುಳಿವನ್ನು ಬಲ್ಲ ಊರವರೊಬ್ಬರನ್ನು ಜೊತೆಗಿಟ್ಟುಕೊಂಡು ಹಗಲಿನಲ್ಲಿಯೇ ನಡೆಯುವುದು ಲೇಸು. ಪ್ರತಿಯೊಂದು ಊರಿನ ಶಾಲೆಯೂ ತನ್ನ ಎಲ್ಲೆಯೊಳಗಣ ಕಡಂಗವನ್ನು ಅಳೆದು, ಅದರ ಹಾದಿಯನ್ನು ನಕ್ಷೆಯಲ್ಲಿ ಗುರುತಿಸಿ, ಹಿರಿಯರು ಅದಕ್ಕೆ ಹೇಳುವ ಹೆಸರನ್ನು ಬರೆದಿಡುವುದಾದರೆ ಕೊಡಗಿನ ಚರಿತ್ರೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೆಸರು ಕೆತ್ತಿಸಿಕೊಳ್ಳದೆ ಹೋದ ಆ ಜನರು ಬಿಟ್ಟುಹೋದ ಬರವಣಿಗೆ ಇದೊಂದೇ. ಅದನ್ನು ಮಣ್ಣು ಮುಚ್ಚುವ ಮುನ್ನ ಓದಿಕೊಳ್ಳುವುದು ಬದುಕಿರುವವರ ಹೊಣೆ.