ಸಾಗರೋತ್ತರ ಸಿಬ್ಬಂದಿ ವ್ಯವಸ್ಥೆ

ಒಂದು ದೇಶದ ಉದ್ದಿಮೆ ತನ್ನ ಲೆಕ್ಕಪತ್ರ, ಗ್ರಾಹಕ ಸೇವೆ, ತಂತ್ರಾಂಶ ಮುಂತಾದ ಕೆಲಸಗಳಿಗೆ ಬೇರೆ ದೇಶದಲ್ಲಿರುವ ನೌಕರರನ್ನು ನಿಯೋಜಿಸಿಕೊಳ್ಳುವ ಪದ್ಧತಿ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ಕೆಲಸ ನಡೆಸಿದ್ದು ಭಾರತದಲ್ಲಿ ಇದರ ಆರಂಭಿಕ ಹೆಜ್ಜೆಗಳಲ್ಲೊಂದು. ಅಂತರಜಾಲ ಅಗ್ಗವಾದ ಮೇಲೆ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೂ ಇದು ಕೈಗೆಟುಕಿತು.

ಪ್ರಯೋಜನಗಳು: ವೇತನ ಹಾಗೂ ಕಚೇರಿಯ ವೆಚ್ಚ ತಗ್ಗುತ್ತದೆ, ಸ್ಥಳೀಯವಾಗಿ ಸಿಗದ ಪರಿಣತಿ ದೊರೆಯುತ್ತದೆ. ಚಳಿಗಾಲದಲ್ಲಿ ಭಾರತದ ಸಮಯ ನ್ಯೂಯಾರ್ಕ್‌ಗಿಂತ 10.5 ಗಂಟೆ ಮುಂದಿರುವುದರಿಂದ, ಅಲ್ಲಿ ಸಂಜೆ ಒಪ್ಪಿಸಿದ ಕೆಲಸವನ್ನು ಮರುದಿನ ಬೆಳಗ್ಗೆ ಪಡೆಯಬಹುದು.

ಷರತ್ತುಗಳು: ಸ್ಪಷ್ಟ ಕರಾರು, ಮಾಹಿತಿ ಸುರಕ್ಷತೆ, ನ್ಯಾಯವಾದ ಸಂಬಳ ಇರಬೇಕು.

ಗದಗ ಪ್ರದೇಶದಲ್ಲಿ ಇದಕ್ಕಿರುವ ಅವಕಾಶ: ಗದಗ ಮತ್ತು ಲಕ್ಷ್ಮೇಶ್ವರಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಸ್ಥಿರ ವಿದ್ಯುತ್ತು, ಅಂತರಜಾಲ ಸಿಕ್ಕರೆ ಶಿರಹಟ್ಟಿ, ಮುಂಡರಗಿಯ ಪದವೀಧರರೂ ಊರು ಬಿಡದೆ ಇಂಥ ಉದ್ಯೋಗ ಮಾಡಬಹುದು.