ತೆರೆಯ ವೀರ, ಕಲ್ಲಿನ ವೀರ

ಚಿತ್ರಪುಸ್ತಕದಿಂದ ಬೆಳ್ಳಿತೆರೆಗೆ ಇಳಿದು ಬಂದ ವೀರರು ಬೆಂಗಳೂರಿನ ಹೊರವಲಯಕ್ಕೆ ಈಗ ಹೊಸಬರಲ್ಲ. ವೈಟ್‌ಫೀಲ್ಡಿನ ಮಾಲುಗಳ ಚಿತ್ರಮಂದಿರಗಳಿಗೆ ಅವರು ಇಂಗ್ಲಿಷಿನಲ್ಲೇ ಬರುತ್ತಾರೆ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದ ಹುಡುಗರು ಹಿಂದಿಗೋ ತೆಲುಗಿಗೋ ಡಬ್ ಆದ ಅದೇ ಚಿತ್ರವನ್ನು ಅಂಗೈಯಗಲದ ಮೊಬೈಲಿನಲ್ಲಿ ನೋಡುತ್ತಾರೆ. ಆಕಾಶದಲ್ಲಿ ಹಾರುವ, ಗೋಡೆ ಹತ್ತುವ ವೀರರ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ಅವರು ಹಳೆಯ ಅಜ್ಜಿಕಥೆಯ ಮೊಮ್ಮಕ್ಕಳು. ನನ್ನ ಕುತೂಹಲ ಇನ್ನೊಂದು ಬಗೆಯವನಲ್ಲಿ. ಅವನಿಗೆ ದೈವದ ವರವಿಲ್ಲ, ಮಂತ್ರದಂಡವಿಲ್ಲ. ಅವನ ಬಂಡವಾಳವೆಲ್ಲ ಸೇಡು.

ಅಮೆರಿಕದ 'ಪನಿಷರ್' ಇಂಥವರಲ್ಲಿ ಹೆಸರಾದವನು. ಶಿಕ್ಷಿಸುವವನು ಎಂದೇ ಆ ಹೆಸರಿನ ಅರ್ಥ. 1974ರಲ್ಲಿ ಮಾರ್ವೆಲ್ ಸಂಸ್ಥೆಯ ಸ್ಪೈಡರ್‌ಮ್ಯಾನ್ ಪುಸ್ತಿಕೆಯೊಂದರಲ್ಲಿ ಅವನು ಮೊದಲು ಕಾಣಿಸಿಕೊಂಡ. ಅಲ್ಲಿ ಅವನು ನಾಯಕನೂ ಅಲ್ಲ, ನಾಯಕನನ್ನು ಕೊಲ್ಲಲು ಹೊರಟವನು. ಹೆಂಡತಿ ಮಕ್ಕಳನ್ನು ಪಾತಕಿಗಳ ಗುಂಡಿಗೆ ಕಳೆದುಕೊಂಡ ಮಾಜಿ ಸೈನಿಕ, ಎದೆಯ ಮೇಲೆ ತಲೆಬುರುಡೆಯ ಚಿತ್ರ ಧರಿಸಿ, ಕಾನೂನನ್ನು ಬದಿಗಿಟ್ಟು ಪಾತಕಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಾನೆ. 1989, 2004 ಮತ್ತು 2008ರಲ್ಲಿ ಮೂವರು ಬೇರೆ ಬೇರೆ ನಟರು ಈ ಪಾತ್ರವನ್ನು ತೆರೆಗೆ ತಂದರು. ರಕ್ತಪಾತದಲ್ಲಿ ಮೂರನೆಯದು ಮಿಕ್ಕೆರಡನ್ನು ಮೀರಿಸಿತು. ಕಥೆಯಲ್ಲಿ ಮೂರೂ ಒಂದೇ.

ಇಂಥವನಿಗೆ ಕನ್ನಡದಲ್ಲಿ ಒಪ್ಪುವ ಹೆಸರೊಂದಿಲ್ಲ. 'ದಂಡಧರ' ಎನ್ನೋಣವೆಂದರೆ ಅದು ಅರಸನಿಗೂ ಯಮನಿಗೂ ಸಲ್ಲುವ ಮಾತು. ದಂಡ ಹಿಡಿಯುವ ಅಧಿಕಾರ ಯಾರದೆಂಬುದನ್ನು ಭಾಷೆ ಮೊದಲೇ ತೀರ್ಮಾನಿಸಿಬಿಟ್ಟಿದೆ. ಈ ಮಾತಿನ ಮಟ್ಟಿಗೆ ನಾನು ಅವನನ್ನು 'ಸ್ವಯಂದಂಡಕ' ಎಂದು ಕರೆಯುತ್ತೇನೆ. ಕಿವಿಗೆ ಹಿತವಾದ ಪದವಲ್ಲ. ಆದರೆ ಅವನೂ ಹಿತವಾದ ಮನುಷ್ಯನಲ್ಲ.

ಇದೆಲ್ಲ ಪರದೇಶದ ಸರಕು, ನಮಗೂ ಅದಕ್ಕೂ ಏನು ಸಂಬಂಧ ಎಂದು ತಳ್ಳಿಹಾಕುವಂತಿಲ್ಲ. ಚಿತ್ರಕಥೆಯ ಪುಸ್ತಕಗಳ ಇತಿಹಾಸದಲ್ಲಿ ಬೆಂಗಳೂರಿಗೆ ತನ್ನದೇ ಆದ ಸ್ಥಾನವಿದೆ. ದೇಶಕ್ಕೆಲ್ಲ ಪರಿಚಿತವಾದ 'ಅಮರ ಚಿತ್ರ ಕಥೆ' ಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಿ ಅಲ್ಲ, 1965ರಲ್ಲಿ, ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸಿನ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಕಲ್ಪನೆ ಅದು. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳಾಗಿದ್ದವು. ಕೃಷ್ಣನ ಕಥೆ ಹನ್ನೊಂದನೆಯ ಸಂಖ್ಯೆಯಾಗಿ, ಅನಂತ ಪೈ ಅವರ ಕೈಯಲ್ಲಿ ಆಮೇಲೆ ಬಂದಿತು. ಅದೇ 1965ರಲ್ಲಿ 'ಸುಧಾ' ವಾರಪತ್ರಿಕೆಯೂ ಆರಂಭವಾಯಿತು. ಗುರುವಾರವೋ ಶುಕ್ರವಾರವೋ ಪತ್ರಿಕೆಗಾಗಿ ಕಾದು, ಧಾರಾವಾಹಿಯ ಪುಟಕ್ಕೇ ಮೊದಲು ಕೈಹಾಕುವ ಓದುಗರ ಒಂದು ತಲೆಮಾರು ಹೀಗೆ ಬೆಳೆಯಿತು.

ಕನ್ನಡದ ಸ್ವಯಂದಂಡಕ ಬಂದದ್ದು ಈ ಬಾಗಿಲಿನಿಂದ. ಎಚ್. ಕೆ. ಅನಂತರಾವ್ ಅವರ 'ಅಂತ' ಕಾದಂಬರಿ 'ಸುಧಾ'ದಲ್ಲಿ ಧಾರಾವಾಹಿಯಾಗಿ ಬಂದು ಜನರನ್ನು ಹಿಡಿದು ನಿಲ್ಲಿಸಿತು. 1981ರಲ್ಲಿ ಎಸ್. ವಿ. ರಾಜೇಂದ್ರಸಿಂಗ್ ಬಾಬು ಅದನ್ನು ಚಲನಚಿತ್ರವಾಗಿಸಿದರು. ಪ್ರಾಮಾಣಿಕ ಪೋಲೀಸು ಅಧಿಕಾರಿ ಸುಶೀಲ್ ಕುಮಾರ್, ಅವನದೇ ರೂಪದ ಪಾತಕಿ ಕನ್ವರ್‌ಲಾಲ್. ಎರಡೂ ಪಾತ್ರ ಅಂಬರೀಷ್ ಅವರದು. ಪಾತಕಿಯ ವೇಷದಲ್ಲಿ ಅಧಿಕಾರಿ ಕಳ್ಳರ ಕೂಟದೊಳಕ್ಕೆ ಹೋಗುತ್ತಾನೆ. ಅಲ್ಲಿ ಕುಳಿತವರು ಯಾರೆಂದು ನೋಡಿದರೆ, ಊರಿನಲ್ಲಿ ಹಾರ ಹಾಕಿಸಿಕೊಳ್ಳುವ ದೊಡ್ಡ ಮನುಷ್ಯರು! ಅವನ ಗುಟ್ಟು ಬಯಲಾಗುತ್ತದೆ. ಉಗುರು ಕೀಳುತ್ತಾರೆ. ಗರ್ಭಿಣಿಯಾದ ಹೆಂಡತಿಯನ್ನು ಒದೆಯುತ್ತಾರೆ. ಕಾನೂನಿನ ದಾರಿಯೆಲ್ಲ ಮುಚ್ಚಿಕೊಂಡ ಮೇಲೆ ಅವನೇ ದಂಡ ಹಿಡಿಯುತ್ತಾನೆ.

ಚಿತ್ರದ ಹಿಂಸೆ ಆಗಲೇ ದೊಡ್ಡ ವಿವಾದವಾಯಿತು. ಅದೇ ವರ್ಷ ಅದೇ ನಿರ್ದೇಶಕರು ಹಿಂದಿಯಲ್ಲಿ ಜಿತೇಂದ್ರರನ್ನಿಟ್ಟುಕೊಂಡು 'ಮೇರಿ ಆವಾಜ್ ಸುನೋ' ಎಂದು ಅದನ್ನು ಮತ್ತೆ ತೆಗೆದರು. ಎರಡು ವರ್ಷದ ಮೇಲೆ ಅಂಬರೀಷ್ ಅವರದೇ 'ಚಕ್ರವ್ಯೂಹ' ಬಂದಿತು. ಅದೂ 1984ರಲ್ಲಿ ಅಮಿತಾಭ್ ಬಚ್ಚನ್ ನಟಿಸಿದ 'ಇಂಕ್ವಿಲಾಬ್' ಆಗಿ ಹಿಂದಿಗೆ ಹೋಯಿತು. ಸೇಡಿನ ಕಥೆಯನ್ನು ನಾವು ಬರಿದೇ ತರಿಸಿಕೊಂಡವರಲ್ಲ, ಕಳಿಸಿಕೊಟ್ಟವರು ಕೂಡ.

ಆಗ ನಾನು ಎಂ.ಎ. ತರಗತಿಯಲ್ಲಿದ್ದೆ. ನಮ್ಮ ಗುರುಗಳ ಪೈಕಿ ಹಲವರಿಗೆ ಈ ಚಿತ್ರ ಅಭಿರುಚಿಹೀನವೆನಿಸಿತ್ತು. ಹೊರವಲಯದ ಒಂದು ಟೆಂಟಿನಲ್ಲಿ, ಪೀಣ್ಯದ ಲೇತ್‌ಗಳಲ್ಲಿ ದುಡಿಯುವವರ ನಡುವೆ ನೆಲದ ಮೇಲೆ ಕುಳಿತು ನಾನದನ್ನು ನೋಡಿದೆ. ಉಗುರು ಕೀಳುವ ದೃಶ್ಯದಲ್ಲಿ ಯಾರೂ ಶಿಳ್ಳೆ ಹಾಕಲಿಲ್ಲ. ಟೆಂಟು ನಿಶ್ಶಬ್ದವಾಗಿತ್ತು. ಶಿಳ್ಳೆ ಬಂದದ್ದು ಆಮೇಲೆ, ಅವನು ತಿರುಗಿ ನಿಂತಾಗ.

ಆ ನಿಶ್ಶಬ್ದಕ್ಕೆ ಅರ್ಥವಿತ್ತೆಂದು ನನ್ನ ನಂಬಿಕೆ. ಚಿತ್ರಹಿಂಸೆಯೆಂಬುದು ಆ ಪ್ರೇಕ್ಷಕರಿಗೆ ಬರಿಯ ಸಿನಿಮಾ ಸಂಗತಿಯಾಗಿರಲಿಲ್ಲ. ಐದೇ ವರ್ಷದ ಹಿಂದೆ, ತುರ್ತುಪರಿಸ್ಥಿತಿಯಲ್ಲಿ, ಇದೇ ಬೆಂಗಳೂರಿನಲ್ಲಿ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು, ಅಣ್ಣ ಎಲ್ಲಿ ಅಡಗಿದ್ದಾನೆಂದು ಬಾಯಿಬಿಡಿಸಲು ಪೋಲೀಸರು ಹಿಂಸಿಸಿದ್ದರು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವು ಕಂಡಿದ್ದ ಸ್ನೇಹಲತಾ ರೆಡ್ಡಿ, ಆಸ್ತಮಾದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ದಂಡ ಹಿಡಿಯಬೇಕಾದ ಕೈಯೇ ಹೀಗೆ ಮಾಡಿದ್ದನ್ನು ಜನ ಕಂಡಿದ್ದರು. ಅದಕ್ಕೆ ಸೇರಿದಂತೆ, 1980ರ ಕೊನೆಯಲ್ಲಿ ಶುರುವಾದ ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಕಾರ್ಮಿಕರ ಮುಷ್ಕರ 77 ದಿನ ನಡೆದು 1981ರ ಮಾರ್ಚ್‌ನಲ್ಲಿ ಸೋತಿತ್ತು. ಆ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಪೀಣ್ಯದ ಸಣ್ಣ ಷೆಡ್ಡುಗಳಿಗೂ ಅದರ ಬಿಸಿ ತಟ್ಟಿತ್ತು. ಕೇಳುವವರಿಲ್ಲ ಎಂಬ ಭಾವ ಗಾಳಿಯಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ಒಬ್ಬ ತಿರುಗಿ ನಿಂತರೆ ಶಿಳ್ಳೆ ಬೀಳದಿರುತ್ತದೆಯೇ? ಆ ಶಿಳ್ಳೆಯನ್ನು ಅಭಿರುಚಿಹೀನವೆನ್ನಲು ನನಗೆ ಮನಸ್ಸು ಬಾರದು.

ಹಾಗಿದ್ದರೆ ನನ್ನ ತಕರಾರು ಏನು? ಅದನ್ನು ಹೇಳಬೇಕಾದರೆ ಇದೇ ಹೊರವಲಯದ ನೆಲದಲ್ಲಿ ನಿಂತಿರುವ ಇನ್ನೊಂದು ಬಗೆಯ ಚಿತ್ರಕಥೆಯನ್ನು ನೋಡಬೇಕು.

1978ರಲ್ಲಿ ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಯಲಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಹುಟ್ಟುಹಾಕಿತು. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಬೇಗೂರು ಇದೆ. ಗಂಗರ ಕಾಲದ ಬೆಂಪೂರು. 'ಬೆಂಗಳೂರು' ಎಂಬ ಹೆಸರು ಮೊದಲು ಸಿಕ್ಕುವುದು ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನದಲ್ಲಿ. ಅದೂ ಎಂಥ ಸಂದರ್ಭದಲ್ಲಿ? ಬೆಂಗಳೂರಿನ ಕಾಳಗದಲ್ಲಿ ಒಬ್ಬ ಸತ್ತ ಎಂಬ ಸುದ್ದಿಯಲ್ಲಿ. ಈ ಮಹಾನಗರ ತನ್ನ ಹೆಸರಿನೊಡನೆ ಚರಿತ್ರೆಗೆ ಕಾಲಿಟ್ಟದ್ದೇ ಒಂದು ಹೊಡೆದಾಟದ ಮೂಲಕ.

ಬೇಗೂರಿನ ಇನ್ನೊಂದು ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೊಳಂಬರ ವೀರಮಹೇಂದ್ರನ ಮೇಲೆ ನಡೆದ ಯುದ್ಧಕ್ಕೆ ಗಂಗ ಎರೆಯಪ್ಪನು ನಾಗತ್ತರನೆಂಬುವನನ್ನು ಕಳಿಸುತ್ತಾನೆ. ನಾಗತ್ತರ ತುಂಬೆಪಾಡಿಯಲ್ಲಿ ಆನೆಯನ್ನು ಎದುರಿಸಿ ಕಾದಿ ಸಾಯುತ್ತಾನೆ. ಅರಸನು ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಡುತ್ತಾನೆ. ಆನೆ, ಕುದುರೆ, ಆಳುಗಳು ಒತ್ತೊತ್ತಾಗಿ ನುಗ್ಗಿದ ಆ ಕಲ್ಲಿನಲ್ಲಿ ಕಾಳಗದ ದಟ್ಟಣೆ ಹೇಗಿದೆಯೆಂದರೆ, ಇಂದಿನ ಚಿತ್ರಪುಸ್ತಕದ ಕಲಾವಿದರು ಎದುರಿಗೆ ಕುಳಿತು ಕಲಿಯಬಹುದು.

ಸಾಧಾರಣ ವೀರಗಲ್ಲು ಇಷ್ಟು ವೈಭವದ್ದಲ್ಲ. ವೈಟ್‌ಫೀಲ್ಡ್, ಆನೇಕಲ್ಲಿನ ಕಡೆಯ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಅರಳಿಕಟ್ಟೆಯ ಬುಡದಲ್ಲಿ, ಈಗೀಗ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒರಗಿ ನಿಂತಿರುವಂಥದು. ಮೂರು ಅಂಕಣ, ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿದ್ದಾನೆ. ತುರುಗಳನ್ನು ಹೊಡೆದುಕೊಂಡು ಹೋದಾಗ, ಊರು ಹಾಳಾಗುವಾಗ, ಹೆಣ್ಣುಗಳ ಮೇಲೆ ಕೈಮಾಡಿದಾಗ ಎದ್ದು ನಿಂತವನ ಕಥೆ ಅದು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಇವಕ್ಕೆ ಬೇರೆ ಬೇರೆ ಹೆಸರೇ ಇದ್ದವು. ಅರಸನ ದಂಡು ಬರುವವರೆಗೆ ದನ ಕಾಯುವುದಿಲ್ಲ, ಕಳ್ಳರೂ ಕಾಯುವುದಿಲ್ಲ. ಆದ್ದರಿಂದ ಊರಿನವನೇ ಕತ್ತಿ ಹಿಡಿದ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು 750ರ ಕಿತ್ತಯ್ಯನ ಕಲ್ಲೂ ಹೊರಗಿನಿಂದ ಬಂದ ರಾಷ್ಟ್ರಕೂಟರ ದಾಳಿಗೆ ಅಡ್ಡನಿಂತು ಸತ್ತವನದೇ. 2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತಣ ಇಂಥ ಕಲ್ಲುಗಳನ್ನು ಮೂರು ಆಯಾಮದ ಯಂತ್ರಗಳಿಂದ ಚಿತ್ರಿಸಿಡುತ್ತಿರುವುದು ಸಮಾಧಾನದ ಸಂಗತಿ.

ಹೊರನೋಟಕ್ಕೆ ಕಲ್ಲಿನ ವೀರನೂ ತೆರೆಯ ವೀರನೂ ಅಣ್ಣತಮ್ಮಂದಿರು. ಎರಡರಲ್ಲೂ ಅನ್ಯಾಯವಿದೆ, ಸಿಟ್ಟಿದೆ, ರಕ್ತವಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಲ್ಲಿನ ವೀರ ಸತ್ತಿದ್ದಾನೆ. ಸಾಯದವನಿಗೆ ಈ ಕಲ್ಲಿಲ್ಲ. ಕತ್ತಿ ಹಿಡಿದು ನಡೆದವನು ಅದರ ಬೆಲೆಯನ್ನು ತಾನೇ ತೆತ್ತಿದ್ದಾನೆ. ಮರುದಿನ ಇನ್ನೊಬ್ಬನನ್ನು ಶಿಕ್ಷಿಸಲು ಅವನು ಉಳಿದಿಲ್ಲ. ಮಿಕ್ಕದ್ದನ್ನು ಮಾಡಿದವರು ಊರಿನವರು. ಯಾರ ದನ, ಯಾವ ಊರು, ಯಾರ ಆಳ್ವಿಕೆ, ಯಾರಿಗೆ ಎಷ್ಟು ಭೂಮಿ ಎಂದು ಬರೆಸಿದರು. ಸತ್ತವನ ಮನೆಯವರಿಗೆ ನೆತ್ತರುಕೊಡಗೆ, ಬಾಳ್ಗಳ್ಚು ಎಂದು ಹೊಲ ಬಿಟ್ಟುಕೊಟ್ಟರು. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವುದು. ಎಂಥ ಮಾತು! ಕತ್ತಿಗೆ ಅಂಟಿದ್ದನ್ನು ತೊಳೆಯಬೇಕೆಂಬ ಅರಿವು ಆ ಕಾಲಕ್ಕಿತ್ತು.

ಕಲ್ಲುಗಳೆಲ್ಲ ಸತ್ಯವನ್ನೇ ಹೇಳುತ್ತವೆಂದು ನನ್ನ ವಾದವಲ್ಲ. ಗಂಗರ ಕಡೆಯವನಿಗೆ ಇಲ್ಲಿ ಕಲ್ಲು, ನೊಳಂಬರ ಕಡೆಯವನಿಗೆ ಅತ್ತ ಕಲ್ಲು. ಎರಡೂ ಕಡೆ ಸ್ವರ್ಗ ಒಂದೇ. ಆದರೆ ಅಲ್ಲಿ ಲೆಕ್ಕವಿದೆ. ಸಾಕ್ಷಿಗಳಿದ್ದಾರೆ. ಅದೇ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 950ರ ಆತಕೂರಿನ ಕಲ್ಲನ್ನೇ ನೋಡಿ. ಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ಬೇಟೆನಾಯಿಗೂ ಅಲ್ಲಿ ಕಲ್ಲು ನಿಂತಿದೆ, ಭೂಮಿ ಬಿಟ್ಟಿದೆ, ಕಲ್ಲಿನ ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಗಲುವ ಕಟ್ಟಳೆಯಿದೆ. (ಆತಕೂರು ಮದ್ದೂರು ತಾಲ್ಲೂಕಿನದು, 'ಅಂತ'ದ ನಾಯಕನಟರೂ ಅದೇ ತಾಲ್ಲೂಕಿನವರು. ಇದರಿಂದ ಏನನ್ನೂ ಸಾಧಿಸಬೇಕಾಗಿಲ್ಲ, ಹೇಳಬೇಕೆನಿಸಿತು.)

ತೆರೆಯ ಸ್ವಯಂದಂಡಕನಿಗೆ ಸಾಕ್ಷಿ ಯಾರು? ಕತ್ತಲೆಯಲ್ಲಿ ಕುಳಿತ ನಾವು. ಕ್ಯಾಮರಾ ನಮ್ಮನ್ನು ಪಾತಕಿಯ ಕೋಣೆಯೊಳಕ್ಕೇ ಕರೆದೊಯ್ದಿರುತ್ತದೆ. ಒದ್ದವನು ಯಾರು, ಉಗುರು ಕಿತ್ತವನು ಯಾರು ಎಂಬುದನ್ನು ನಾವು ಕಣ್ಣಾರೆ ಕಂಡಿರುತ್ತೇವೆ. ಆದ್ದರಿಂದ ಗುಂಡು ಹಾರಿದಾಗ ನಮಗೆ ಅನುಮಾನವಿಲ್ಲ. ಯಾವ ನ್ಯಾಯಾಧೀಶನಿಗೂ ಇಂಥ ಖಚಿತ ಜ್ಞಾನ ದೊರೆಯುವುದಿಲ್ಲ. ಅದಕ್ಕಾಗಿಯೇ ಅವನಿಗೆ ಪಾಟೀಸವಾಲು, ಮೇಲ್ಮನವಿ, ವಿಳಂಬ. ಚಿತ್ರದ ಬಲವೆಲ್ಲ ಈ ಖಚಿತತೆಯಲ್ಲಿದೆ. ಅದು ಚಿತ್ರಮಂದಿರದ ಒಳಗೆ ಮಾತ್ರ ಸಿಗುವ ವಸ್ತು. ಹೊರಗೆ ಬಂದ ಮೇಲೂ ನಮ್ಮ ಬಳಿ ಅದು ಉಳಿದಿದೆಯೆಂದು ಭ್ರಮಿಸಿದರೆ ಆಗುವ ಅನಾಹುತವನ್ನು ನಾವು ದೂರ ಹೋಗಿ ಹುಡುಕಬೇಕಾಗಿಲ್ಲ.

2018ರ ಮೇ ತಿಂಗಳಿನಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಬೆಂಗಳೂರನ್ನು ಸುತ್ತಿತು. ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಒಬ್ಬ ತರುಣನನ್ನು ಗುಂಪು ಕಟ್ಟಿಹಾಕಿ, ಬೀದಿಯಲ್ಲಿ ಎಳೆದಾಡಿ ಹೊಡೆಯಿತು, ಅವನು ಸತ್ತ. ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರೊಡನೆ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ ಗತಿಯೂ ಅದೇ ಆಯಿತು. ಇವರು ಮಕ್ಕಳ ಕಳ್ಳರಲ್ಲ. ಸತ್ತವರಲ್ಲಿ ಒಬ್ಬ ದುಡಿಮೆ ಅರಸಿ ಬಂದವನು, ಇನ್ನೊಬ್ಬ ಕಂಪ್ಯೂಟರಿನ ಮುಂದೆ ಕೂರುವವನು. ಪೀಣ್ಯದ ಷೆಡ್ಡುಗಳನ್ನೂ ವೈಟ್‌ಫೀಲ್ಡಿನ ಗೋಪುರಗಳನ್ನೂ ತುಂಬಿರುವವರು ಈ ಇಬ್ಬರಂಥವರೇ. ಹೊಡೆದವರಲ್ಲಿ ಪ್ರತಿಯೊಬ್ಬನೂ ತನ್ನನ್ನು ಊರು ಕಾಯುವ ವೀರನೆಂದೇ ಎಣಿಸಿದ್ದಿರಬೇಕು.

ಆ ಸುದ್ದಿಯೊಡನೆ ಕೈಯಿಂದ ಕೈಗೆ ಹರಿದಾಡಿದ ಒಂದು ವಿಡಿಯೋ ಇತ್ತು. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರು ಕಣ್ಣಾರೆ ಕಂಡೆವೆಂದುಕೊಂಡರು. ಅದು ನಮ್ಮ ದೇಶದ್ದೇ ಅಲ್ಲ. ಕರಾಚಿಯ ಒಂದು ಸೇವಾಸಂಸ್ಥೆ, ಮಕ್ಕಳ ಮೇಲೆ ನಿಗಾ ಇಡಿರೆಂದು ತಂದೆತಾಯಿಗಳಿಗೆ ತಿಳಿಯಹೇಳಲು ನಟರಿಂದ ಮಾಡಿಸಿದ ಕಿರುಚಿತ್ರ. ಮೂಲ ಚಿತ್ರದಲ್ಲಿ ಆ ಇಬ್ಬರು ಮರುಕ್ಷಣವೇ ತಿರುಗಿ ಬಂದು, ಮಗುವನ್ನು ಇಳಿಸಿ, ಎಚ್ಚರಿಕೆಯ ಮಾತು ಬರೆದ ಫಲಕವೊಂದನ್ನು ಎತ್ತಿ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಹರಿದಾಡಿದ ಪ್ರತಿಯಲ್ಲಿ ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.